ಎಡಗಡೆ ಸೀಟಿನ ಮಾಸ್ಟರ್

ಹನ್ನೊಂದನೇ ದಿನದ ಊಟದ ಪಂಕ್ತಿಯಲ್ಲಿ ಎಲ್ಲರೂ ಮಾಸ್ಟರ ತಾಳ್ಮೆಯನ್ನೇ ಹೊಗಳಿದರು. ಎಂಥ ಮಂಕರಿಗೂ ಕಾರು ಕಲಿಸಿದ ಮನುಷ್ಯ ಎಂದರು ಒಬ್ಬರು. ಒಂದು ದಿನ ಗದರಿದವರಲ್ಲ ಎಂದರು ಇನ್ನೊಬ್ಬರು. ಎದುರು ಸಾಲಿನಲ್ಲಿದ್ದ ಹಳೆಯ ಶಿಷ್ಯರೊಬ್ಬರು ನನ್ನನ್ನು ದಿಟ್ಟಿಸಿ ನೋಡಿ, "ನೀವೇ ಅಲ್ವಾ ಆ ಮೇಡಂ?" ಎಂದು ಕೇಳಿದರು. ಯಾವ ಮೇಡಂ ಎಂದು ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು.

ತಾಳ್ಮೆಯ ಮಾತಿಗೆ ನಾನೂ ತಲೆಯಾಡಿಸಿದೆ. ಸಾವಿನ ಮನೆಯ ಎಲೆಯ ಮುಂದೆ ಕೂತು ಜಗಳ ತೆಗೆಯುವುದಕ್ಕಾಗುತ್ತದೆಯೇ? ಆದರೆ ಇಲ್ಲಿ ಹೇಳಿಬಿಡುತ್ತೇನೆ. ಅವರಿಗೆ ತಾಳ್ಮೆ ಇರಲಿಲ್ಲ, ಇದ್ದದ್ದು ಹಟ. ತಾಳ್ಮೆ ಬೇಕಾಗುತ್ತಿದ್ದದ್ದು ಅವರ ಜೊತೆಯಲ್ಲಿದ್ದವರಿಗೆ. ಕೊನೆಯ ನಾಲ್ಕು ವರ್ಷ ಆ ಜೊತೆಯವಳು ನಾನಾಗಿದ್ದೆ. ನನ್ನ ಸೊಂಟಕ್ಕೆ ಇವತ್ತಿಗೂ ಅದರ ನೆನಪಿದೆ.

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆಯ ಎದುರು ಮನೆಯೇ ಅವರದು. ಹುಟ್ಟೂರು ಉತ್ತರಹಳ್ಳಿ. ಊರು ಇನ್ನೂ ಊರಾಗಿದ್ದ ಕಾಲದಲ್ಲಿ ಅವರ ಅಪ್ಪ ರಾಗಿ ಬೆಳೆದವರು, ಇವರು ಟ್ರ್ಯಾಕ್ಟರಿನಲ್ಲಿ ಗೇರು ಕಲಿತವರು. ಆಮೇಲೆ ಇಲ್ಲಿಗೆ ಬಂದು ಡ್ರೈವಿಂಗ್ ಸ್ಕೂಲು ತೆರೆದರು. ಮೂವತ್ತೆಂಟು ವರ್ಷ ಎಡಗಡೆ ಸೀಟಿನಲ್ಲಿ ಕೂತು, ಅಲ್ಲಿದ್ದ ಇನ್ನೊಂದು ಜೊತೆ ಕ್ಲಚ್ಚು ಬ್ರೇಕುಗಳ ಮೇಲೆ ಕಾಲಿಟ್ಟುಕೊಂಡು, ಜಯನಗರದಿಂದ ಜೆ.ಪಿ. ನಗರದವರೆಗೆ ಅರ್ಧ ಊರಿಗೆ ಕಾರು ಕಲಿಸಿದರು. ಮಾಸ್ಟರ್ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಹೆಂಡತಿ ಕೂಡ ಬೇರೆಯವರ ಮುಂದೆ ಹಾಗೆಯೇ ಅನ್ನುತ್ತಿದ್ದರು.

ನಾನು ಅವರ ಹತ್ತಿರ ಕಲಿಯಲು ಹೋದಾಗ ನನಗೆ ಮೂವತ್ತೆಂಟು. ನಮ್ಮ ಯಜಮಾನರಿಗೆ ಕಣ್ಣಿನ ತೊಂದರೆ ಶುರುವಾಗಿತ್ತು, ಆಫೀಸಿನ ಸಾಲದಲ್ಲಿ ಕೊಂಡ ಕಾರು ಮನೆ ಮುಂದೆ ನಿಂತಿತ್ತು. ಹದಿನೈದು ದಿನದಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಳ್ಳುತ್ತೇನೆ ಎಂದು ಆಫೀಸಿನಲ್ಲಿ ಹೇಳಿಕೊಂಡಿದ್ದೆ. ಬೇರೆ ಸ್ಕೂಲುಗಳಲ್ಲಿ ಹದಿನೈದು ದಿನಕ್ಕೇ ಪರೀಕ್ಷೆಗೆ ಕಳಿಸುತ್ತಿದ್ದರು. ಇವರಲ್ಲಿ ಹಾಗಿರಲಿಲ್ಲ. ಆರ್‌ಟಿಒ ಪರೀಕ್ಷೆಗೆ ಮೊದಲು ಇವರ ಪರೀಕ್ಷೆ ಪಾಸಾಗಬೇಕು.

ಆ ಪರೀಕ್ಷೆ ಹೀಗೆ. ನೀರಿನ ಟ್ಯಾಂಕಿನ ಹಿಂದೆ ಒಂದು ಕಡಿದಾದ ಏರು ರಸ್ತೆ ಇದೆ. ಅದರ ಮಧ್ಯದಲ್ಲಿ ಕಾರು ನಿಲ್ಲಿಸಲು ಹೇಳಿ, ತಾವು ಕೆಳಗಿಳಿದು, ಅಂಗಿಯ ಜೇಬಿನಿಂದ ಒಂದು ಖಾಲಿ ಬೆಂಕಿಪೊಟ್ಟಣ ತೆಗೆಯುತ್ತಿದ್ದರು. ಹಿಂದಿನ ಗಾಲಿಯಿಂದ ನಾಲ್ಕು ಬೆರಳು ದೂರದಲ್ಲಿ ಅದನ್ನಿಟ್ಟು, "ಈಗ ಹೊರಡಿ" ಅನ್ನುತ್ತಿದ್ದರು. ಕ್ಲಚ್ಚು ಹದವಾಗಿ ಬಿಟ್ಟು ಮುಂದಕ್ಕೆ ಹೋದರೆ ಪಾಸು. ಕಾರು ಒಂದಿಷ್ಟು ಹಿಂದಕ್ಕೆ ಜಾರಿ ಪೊಟ್ಟಣ ಅಪ್ಪಚ್ಚಿಯಾದರೆ ಫೇಲು. ಪೊಟ್ಟಣ ಖಾಲಿಯೇ ಆಗಿರಬೇಕು, ಕಡ್ಡಿ ತುಂಬಿದ್ದು ಹಾಳಾಗಬಾರದು, ಬೆಂಕಿಯ ಸಹವಾಸವೂ ಬೇಡ ಎಂದು ಅವರ ಕಟ್ಟಳೆ. ಅವರ ಅಡುಗೆಮನೆಯಲ್ಲಿ ಖಾಲಿಯಾದ ಒಂದು ಪೊಟ್ಟಣವೂ ಕಸಕ್ಕೆ ಹೋಗುತ್ತಿರಲಿಲ್ಲ.

"ಕಾಲಲ್ಲಿ ಕೇಳಿಸ್ಕೊಳ್ಳಿ ಮೇಡಂ. ಕ್ಲಚ್ಚು ಕಚ್ಕೊಂಡಾಗ ಗಾಡಿ ಒಂದು ಮಾತು ಹೇಳುತ್ತೆ. ಅದು ಕಿವಿಗಲ್ಲ, ಕಾಲಿಗೆ" ಎನ್ನುತ್ತಿದ್ದರು. ನನ್ನ ಕಾಲಿಗೆ ಏನೂ ಕೇಳಿಸುತ್ತಿರಲಿಲ್ಲ. ಆರು ಸಲ ಫೇಲಾದೆ. ಆರನೆಯ ಸಲ ಪೊಟ್ಟಣದ ಒಂದು ಮೂಲೆ ಮಾತ್ರ ನುಗ್ಗಾಗಿತ್ತು. ಇಷ್ಟಕ್ಕೆಲ್ಲ ಬಿಟ್ಟುಬಿಡಿ ಎಂದು ಬೇಡಿಕೊಂಡೆ, ಕೂಗಾಡಿದೆ, ಕಣ್ಣೀರೂ ಹಾಕಿದೆ. ಅವರು ಆ ಮೂಲೆಯನ್ನು ಬೆರಳಿನಿಂದ ಸರಿಮಾಡುತ್ತಾ, "ನಾನು ಸುಳ್ಳು ಪಾಸ್ ಕೊಟ್ರೆ ರೋಡಲ್ಲಿ ಅಳೋದು ನೀವಲ್ಲ ಮೇಡಂ, ಬೇರೆ ಯಾರೋ" ಎಂದರು. ತಮ್ಮ ಸ್ವಂತ ಭಾಮೈದನನ್ನೇ ಮೂರು ಸಲ ಫೇಲು ಮಾಡಿದ್ದರಂತೆ. ಆ ವರ್ಷ ಅವನು ಯುಗಾದಿಗೂ ಅಕ್ಕನ ಮನೆಗೆ ಬರಲಿಲ್ಲವಂತೆ. ಏಳನೆಯ ಸಲಕ್ಕೆ ನಾನು ಪಾಸಾದೆ, ಆದರೆ ಸಿಟ್ಟು ಹೋಗಲಿಲ್ಲ. ಇಪ್ಪತ್ತೈದು ವರ್ಷ ಎದುರು ಮನೆಯಲ್ಲಿದ್ದೂ ಆ ಆರು ಸಲಗಳನ್ನು ನಾನು ಮರೆತಿರಲಿಲ್ಲ.

ಎಪ್ಪತ್ತು ತುಂಬಿದ ಮೇಲೆ ಸ್ಕೂಲು ಮುಚ್ಚಿದರು. ಇನ್ನು ಮಾಸ್ಟರ್ ಒಂದು ಸಣ್ಣ ಕಾರು ಇಟ್ಟುಕೊಂಡು ಆರಾಮಾಗಿರುತ್ತಾರೆ ಎಂದು ಬೀದಿಯೆಲ್ಲ ಅಂದುಕೊಂಡಿತ್ತು. ಒಂದು ಬೆಳಿಗ್ಗೆ ಕಿಟಕಿಯ ಗಾಜು ನಡುಗುವ ಸದ್ದಾಯಿತು. ಹೊರಗೆ ಬಂದು ನೋಡಿದರೆ ಅವರ ಗೇಟಿನ ಮುಂದೆ ಅರಿಸಿನದ ಬಣ್ಣದ ಸ್ಪೋರ್ಟ್ಸ್ ಕಾರು ನಿಂತಿದೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹಾಗೆ ಮೈ. ಎತ್ತರ ನನ್ನ ಸೊಂಟಕ್ಕೆ ಬರುತ್ತಿತ್ತೋ ಇಲ್ಲವೋ. ಈಗಾಗಲೇ ಇಬ್ಬರು ಓಡಿಸಿ ಬಿಟ್ಟದ್ದು. ಅದಕ್ಕೆಂದು ಉತ್ತರಹಳ್ಳಿಯಲ್ಲಿ ತಮ್ಮ ಪಾಲಿಗೆ ಉಳಿದಿದ್ದ ಕೊನೆಯ ಸೈಟನ್ನೂ ಮಾರಿದ್ದರು. ಅವರ ಹೆಂಡತಿ ಕಾರಿನೊಳಗೆ ಬಗ್ಗಿ ನೋಡಿ, "ಇದರೊಳಗೆ ಕೂರೋಕಿಂತ ನೆಲದ ಮೇಲೇ ಕೂರ್ತೀನಿ, ಚಾಪೆನಾದ್ರೂ ಇರುತ್ತೆ" ಎಂದು ಒಳಗೆ ಹೋದವರು, ಕೊನೆಯವರೆಗೂ ಅದನ್ನು ಹತ್ತಲಿಲ್ಲ.

ಇಂಥ ಕಾರನ್ನು ಉಳ್ಳವರು ಭಾನುವಾರ ಬೆಳಿಗ್ಗೆ ಹೈವೇಗೆ ತೆಗೆದುಕೊಂಡು ಹೋಗಿ, ತಂದು, ಒರೆಸಿ, ಬಟ್ಟೆ ಹೊದಿಸಿ ನಿಲ್ಲಿಸುತ್ತಾರೆ. ಇವರು ಅದರಲ್ಲಿ ಹಾಲು ತರಲು ಹೋಗುತ್ತಿದ್ದರು. ಕರಿಬೇವು, ಕರೆಂಟ್ ಬಿಲ್ಲು, ಹಿಟ್ಟಿನ ಗಿರಣಿ, ಎಲ್ಲಕ್ಕೂ ಅದೇ. ಯಾಕೆ ಹೀಗೆ ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳುತ್ತದೆ, ಅದು ನಿಮಗೇ ಗೊತ್ತಲ್ಲ ಎಂದರು. ಇಷ್ಟು ವರ್ಷ ಎಡಗಡೆ ಕೂತು ಬೇರೆಯವರ ತಪ್ಪಿಗೆ ಬ್ರೇಕು ಒತ್ತಿದ್ದಾಯಿತು, ಬಲಗಡೆ ಕೂರುವುದಾದರೆ ಕಾಲಿನ ಜೊತೆ ಚೆನ್ನಾಗಿ ಮಾತಾಡುವ ಗಾಡಿಯೇ ಬೇಕು, ಅದೂ ದಿನಾ ಮಾತಾಡಬೇಕು ಎಂದರು.

ನಾನು ಅದರಲ್ಲಿ ಸಿಕ್ಕಿಬಿದ್ದದ್ದು ಬನಶಂಕರಿ ಅಮ್ಮನವರ ದೆಸೆಯಿಂದ. ಯಜಮಾನರು ಹೋದ ಮೇಲೆ ಕಾರು ಮಾರಿದ್ದೆ. ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ದೇವಸ್ಥಾನಕ್ಕೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುವುದು ನನ್ನ ರೂಢಿ. ಅವರ ಹೆಂಡತಿ ಇದನ್ನು ನೋಡಿ, ಹೇಗೂ ಅವರು ಅತ್ತ ಕಡೆಯೇ ಮಾರ್ಕೆಟ್ಟಿಗೆ ಹೋಗುತ್ತಾರೆ, ಜೊತೆಗೆ ಹೋಗಿ ಬನ್ನಿ ಎಂದರು. ಗಂಡನ ಮೇಲೆ ಒಂದು ಕಣ್ಣಿರಲಿ ಎಂಬುದು ಅವರ ಲೆಕ್ಕ ಎಂದು ನನಗೆ ಆಮೇಲೆ ಹೊಳೆಯಿತು. ಅರವತ್ತು ದಾಟಿದ ನಾನು ನಿಂಬೆಹಣ್ಣಿನ ಚೀಲ ಹಿಡಿದು ಹಳದಿ ಸ್ಪೋರ್ಟ್ಸ್ ಕಾರಿನಿಂದ ದೇವಸ್ಥಾನದ ಮುಂದೆ ತೆವಳಿಕೊಂಡು ಇಳಿಯುವುದನ್ನು ನೋಡಿ ಹೂವಿನವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆಮೇಲೆ ಅವಳೇ ಕೈಕೊಟ್ಟು ಎಬ್ಬಿಸುವುದು ಅಭ್ಯಾಸವಾಯಿತು.

ಮೊದಮೊದಲು ಇನ್ನೊಂದು ಫಜೀತಿ. ಮಾಸ್ಟರ್ ಗೇಟಿನಿಂದ ಬಂದವರು ನೇರವಾಗಿ ಎಡಗಡೆಯ ಬಾಗಿಲಿಗೆ ಹೋಗಿ, ಕೂತು, ಬೆಲ್ಟು ಹಾಕಿಕೊಂಡು, "ಕನ್ನಡಿ ಸರಿ ಮಾಡ್ಕೊಳ್ಳಿ" ಎಂದುಬಿಡುತ್ತಿದ್ದರು. ನಾನು ಬಿಸಿಲಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದೆ. ಆಮೇಲೆ ಅವರಿಗೆ ನೆನಪಾಗಿ, ನಾಚಿಕೊಂಡು, ಇಳಿದು ಬಲಕ್ಕೆ ಬರುತ್ತಿದ್ದರು.

ಹೋಗಲಿ, ಕೂತ ಮೇಲಾದರೂ ಓಡಿಸುತ್ತಿದ್ದರೇ? ಗಂಟೆಗೆ ಇಪ್ಪತ್ತೈದು. ಎದುರಿಗೆ ರಸ್ತೆ ಖಾಲಿ ಇದ್ದರೂ ಇಪ್ಪತ್ತೈದೇ. ಮೂರನೇ ಗೇರು ಕಂಡರೆ ಹಬ್ಬ. ಹಿಂದೆ ಹಾರ್ನಿನ ಮೆರವಣಿಗೆ. ತಿರುಗುವಾಗ ದೀಪ ಹಾಕುವುದು ಸಾಲದು ಎಂದು ಕೈಯನ್ನೂ ಹೊರಗೆ ಚಾಚುತ್ತಿದ್ದರು. ಸಿಗ್ನಲ್ಲಿನಲ್ಲಿ ಬೈಕಿನ ಹುಡುಗರು ಪಕ್ಕಕ್ಕೆ ಬಂದು, "ಅಂಕಲ್, ಸಖತ್ ಗಾಡಿ. ಸ್ವಲ್ಪ ಎತ್ತಿ" ಎನ್ನುತ್ತಿದ್ದರು. "ಎತ್ತೋಕೆ ರೋಡೆಲ್ಲಿದೆ ಮಗಾ? ಮೊದ್ಲು ಹೆಲ್ಮೆಟ್ ಬಕಲ್ ಹಾಕು" ಎಂದು ಇವರು ಹೇಳಿ, ಅವರು ಹಾಕುವವರೆಗೆ ನೋಡುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಶಿಕ್ಷೆ ರಸ್ತೆಯ ಹಂಪುಗಳು. ನಮ್ಮ ಕಡೆಯ ಹಂಪುಗಳು ಒಂದೊಂದೂ ಒಂದೊಂದು ಸಮಾಧಿಯಷ್ಟಿವೆ. ಕಾರನ್ನು ಓರೆ ಮಾಡಿ ಹತ್ತಿಸಿದರೂ ಹೊಟ್ಟೆ ಕರಕರ ಉಜ್ಜುತ್ತಿತ್ತು. ಒಬ್ಬರ ಭಾರ ಕಡಿಮೆಯಾದರೆ ತಾಗುವುದಿಲ್ಲ ಎಂದು ಮಾಸ್ಟರ್ ಕಂಡುಹಿಡಿದರು. ಆ ಒಬ್ಬರು ನಾನು. ದೊಡ್ಡ ಹಂಪು ಬಂದ ಕೂಡಲೇ, "ಮೇಡಂ, ಒಂದ್ನಿಮಿಷ ಇಳೀತೀರಾ" ಎನ್ನುತ್ತಿದ್ದರು. ನಾನು ಬಾಗಿಲು ತೆರೆದು, ಮೊದಲು ಚೀಲ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಹೊರಗಿಟ್ಟು, ದೇವರ ಹೆಸರು ಹೇಳಿ ಎದ್ದು, ಹಂಪನ್ನು ನಡೆದು ದಾಟಿ, ಆಚೆ ಕಡೆ ಮತ್ತೆ ಹಳ್ಳಕ್ಕಿಳಿದ ಹಾಗೆ ಇಳಿದು ಕೂರಬೇಕು. ದೇವಸ್ಥಾನಕ್ಕೆ ಹೋಗಿ ಬರುವುದರೊಳಗೆ ನಾಲ್ಕು ಸಲ. ಇದಕ್ಕಿಂತ ನಡೆದೇ ಹೋಗುತ್ತೇನೆ ಎಂದು ಎಷ್ಟೋ ಸಲ ರೇಗಿದ್ದೇನೆ. ಅವರು ನಾನು ಕೂರುವವರೆಗೂ ಕಾದು, ಬೆಲ್ಟು ಹಾಕಿದ್ದನ್ನು ನೋಡಿಕೊಂಡು, ಏನೂ ಆಗದವರಂತೆ ಕ್ಲಚ್ಚು ಬಿಡುತ್ತಿದ್ದರು.

ಒಮ್ಮೆ ಮಡಿವಾಳ ಮಾರ್ಕೆಟ್ಟಿನಲ್ಲಿ ತರಕಾರಿ ಚೆನ್ನಾಗಿದೆ ಎಂದು ಕರೆದುಕೊಂಡು ಹೋದರು. ಹಿಂದೆ ಡಿಕ್ಕಿ ಎಂದು ಹೇಳುವ ಜಾಗದಲ್ಲಿ ಒಂದು ಟಿಫನ್ ಡಬ್ಬಿಯೂ ಹಿಡಿಯುವುದಿಲ್ಲ, ಹಾಗಾಗಿ ಇಡೀ ಬೂದುಗುಂಬಳ ನನ್ನ ತೊಡೆಯ ಮೇಲೆ. ಬರುವಾಗ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ನಿಂತೆವು. ಪಕ್ಕದ ಬಸ್ಸಿನವರೆಲ್ಲ ಮೇಲಿನಿಂದ ನನ್ನನ್ನೂ ಕುಂಬಳವನ್ನೂ ನೋಡುತ್ತಿದ್ದರು. ಮಾಸ್ಟರ್ ಮಾತ್ರ ಇಂಜಿನ್ನಿಗೆ ಕಿವಿಗೊಟ್ಟು, ಫಸ್ಟ್ ಗೇರಿನಲ್ಲೂ ಇದರ ಉಸಿರು ನೋಡಿ ಮೇಡಂ ಎಂದರು. ಕುಂಬಳವನ್ನು ಅವರ ತಲೆಗೇ ಎತ್ತಿ ಹಾಕೋಣ ಅನಿಸಿತ್ತು. ಇದನ್ನೇ ಜನ ತಾಳ್ಮೆ ಅನ್ನುವುದು.

ಮೂರನೆಯ ವರ್ಷ ಅವರ ಸಕ್ಕರೆ ಕಾಯಿಲೆ ಕಾಲಿಗೆ ಬಂತು. ಒಂದು ಸಂಜೆ ಮನೆಯೊಳಗೆ ಬಂದವರ ಎಡಗಾಲಿನ ಚಪ್ಪಲಿ ಗೇಟಿನ ಹತ್ತಿರವೇ ಉಳಿದಿತ್ತು. ಅದು ಕಳಚಿ ಬಿದ್ದದ್ದು ಅವರ ಕಾಲಿಗೆ ಗೊತ್ತೇ ಆಗಿರಲಿಲ್ಲ. ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ನಿಂತದ್ದನ್ನು ನಾನು ನಮ್ಮ ವರಾಂಡದಿಂದ ನೋಡಿದೆ. ಮುಂದಿನ ವಾರ ಕತ್ರಿಗುಪ್ಪೆ ಕಡೆಯ ಏರಿನ ಸಿಗ್ನಲ್ಲಿನಲ್ಲಿ ಕಾರು ಹಿಂದಕ್ಕೆ ಜಾರಿ ಆಟೋವೊಂದಕ್ಕೆ ತಾಗಿತು. ಆಟೋದವನು ಕೂಗಾಡುತ್ತಾ ಬಂದು, ಬಿಳಿ ತಲೆ ನೋಡಿ, "ನೋಡ್ಕೊಂಡ್ ಬಿಡಿ ಯಜಮಾನ್ರೇ" ಎಂದಷ್ಟೇ ಹೇಳಿ ಹೋದ. ಹ್ಯಾಂಡ್ ಬ್ರೇಕು ಸಡಿಲವಾಗಿದೆ ಎಂದರು ಮಾಸ್ಟರ್. ಅವರ ಬಾಯಿಂದ ನಾನು ಕೇಳಿದ ಮೊದಲ ನೆಪ ಅದು. ನನಗೆ ಭಯವಾಯಿತು.

ಅವತ್ತೇ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಕಾಫಿಯನ್ನೂ ಮುಟ್ಟಲಿಲ್ಲ. ಡಾಕ್ಟರು ಹೇಳಿದ್ದಾಯಿತು, ತಾನು ಅತ್ತದ್ದಾಯಿತು, ಯಾರ ಮಾತೂ ನಾಟುತ್ತಿಲ್ಲ ಎಂದರು.

"ನೀವು ಅವರ ಹತ್ರ ಕಲ್ತೋರು. ನೀವು ಹೇಳಿದ್ರೆ ಕೇಳ್ತಾರೆ. ನಾಳೆ ಯಾವ್ದಾದ್ರೂ ಮಗು ಗಾಡಿ ಕೆಳಗೆ ಸಿಕ್ಕಿದ್ರೆ ಏನ್ಮಾಡೋದು?"

ನಾನು ಹೇಳಿದೆ. ಎದುರಿಗೆ ನಿಂತು, ಸುತ್ತಿ ಬಳಸದೆ, ಇನ್ನು ಓಡಿಸಬೇಡಿ ಮಾಸ್ಟರ್ ಎಂದೆ. ಅವರು ಕಾರಿನ ಗಾಜು ಒರೆಸುತ್ತಿದ್ದವರು ಬಟ್ಟೆ ಹಿಂಡಿ ಒಣಹಾಕಿದರು. ಬಾಯಿಮಾತಿನಿಂದ ಯಾರನ್ನೂ ಫೇಲು ಮಾಡುವುದಕ್ಕಾಗುವುದಿಲ್ಲ, ಶುಕ್ರವಾರ ದೇವಸ್ಥಾನದಿಂದ ಬರುವಾಗ ಪರೀಕ್ಷೆ ಮಾಡಿ, ನೀವು ಏನು ಹೇಳುತ್ತೀರೋ ಅದೇ ಆಗಲಿ ಎಂದರು. ಜವಾಬ್ದಾರಿಯನ್ನು ಎಷ್ಟು ಸುಲಭವಾಗಿ ನನ್ನ ತಲೆಗೆ ಕಟ್ಟಿಬಿಟ್ಟರು ನೋಡಿ.

ಶುಕ್ರವಾರ ದೀಪ ಹಚ್ಚಿ ಬಂದೆ. ನೀರಿನ ಟ್ಯಾಂಕಿನ ಹಿಂದಿನ ಏರಿನಲ್ಲಿ ಮಧ್ಯಾಹ್ನ ಜನ ಓಡಾಟವಿರಲಿಲ್ಲ. ಮಾಸ್ಟರ್ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಜೇಬಿನಿಂದ ಖಾಲಿ ಪೊಟ್ಟಣ ತೆಗೆದು ಕೊಟ್ಟರು. ನಾನು ಚೀಲ ಹಿಡಿದೇ ಇಳಿದು, ಕಾರಿನ ಹಿಂದೆ ಹೋಗಿ, ಗಾಲಿಯಿಂದ ನಾಲ್ಕು ಬೆರಳು ಅಳೆದು ಇಟ್ಟೆ. ಪಕ್ಕಕ್ಕೆ ಸರಿದು, "ಹೊರಡಿ ಮಾಸ್ಟರ್" ಎಂದೆ.

ಇಂಜಿನ್ನು ಗುಡುಗಿತು. ಕಾರು ಹಿಂದಕ್ಕೆ ಬಂತು. ಒಂದಿಷ್ಟಲ್ಲ, ಒಂದು ಮಾರು ಬಂತು. ಆಮೇಲೆ ಗಕ್ಕನೆ ಮುಂದಕ್ಕೆ ಹಾರಿ, ನಾಲ್ಕು ಮಾರು ಮೇಲೆ ಹೋಗಿ ನಿಂತಿತು. ಪೊಟ್ಟಣ ರಸ್ತೆಗೆ ಅಂಟಿಕೊಂಡಿತ್ತು.

ಬಾಗಿಲ ಪಕ್ಕದ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಆ ತಗ್ಗಿನ ಕಾರಿನಿಂದ ನೆಲ ಅವರಿಗೆ ಕಾಣದು. ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಇದೇ ಏರಿನಲ್ಲಿ, ಇಂಥದೇ ಕನ್ನಡಿಯೊಳಗೆ, ನಾನು ಹಾಗೆಯೇ ಕಾದಿದ್ದೆ. ಆರು ಸಲದ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದಿತ್ತು? ನನಗೆ ಆಗಲಿಲ್ಲ. ಅಪ್ಪಚ್ಚಿಯಾದ ಪೊಟ್ಟಣವನ್ನು ಉಗುರಿನಿಂದ ಕೆರೆದು ತೆಗೆದು ಚೀಲಕ್ಕೆ ತುರುಕಿದೆ. ದೀಪ ಹಚ್ಚಲು ಒಯ್ದಿದ್ದ ಬೆಂಕಿಪೊಟ್ಟಣ ಅದೇ ಚೀಲದಲ್ಲಿತ್ತು. ಅದನ್ನು ಆ ಜಾಗದಲ್ಲಿಟ್ಟು, "ಪಾಸು ಮಾಸ್ಟರ್" ಎಂದೆ. ಅವರ ಹೆಂಡತಿಯ ಮಾತು, ಮಗುವಿನ ಮಾತು, ಏನೂ ನನಗೆ ಆಗ ನೆನಪಿರಲಿಲ್ಲ.

ಅವರು ಇಳಿದು, ಕಾರನ್ನು ಹಿಡಿದುಕೊಂಡು, ಆಮೇಲೆ ಟ್ಯಾಂಕಿನ ಗೋಡೆ ಹಿಡಿದುಕೊಂಡು ಕೆಳಗೆ ಬಂದರು. ಬಗ್ಗಿ ಪೊಟ್ಟಣವನ್ನು ಎತ್ತಿಕೊಂಡರು. ನೋಡಲಿಲ್ಲ. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರು. ಒಳಗೆ ಕಡ್ಡಿಗಳು ಸದ್ದು ಮಾಡಿದವು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಪೊಟ್ಟಣವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಮಂಗಳವಾರ ದೀಪಕ್ಕೆ ಬೇಕಾಗುತ್ತೆ, ಇಟ್ಕೊಳ್ಳಿ" ಎಂದರು. ಗೋಡೆಗೆ ಕೈಯೂರಿ, "ನಿಮ್ಮನ್ನ ನಾನು ಆರು ಸಲ ಫೇಲ್ ಮಾಡ್ದೆ ಮೇಡಂ. ನನ್ನ ಒಂದ್ಸಲ ಮಾಡೋಕೆ ನಿಮ್ಮ ಕೈಲಿ ಆಗ್ಲಿಲ್ವಾ?" ಎಂದರು.

ಗದರಲಿಲ್ಲ. ಗದರಿದ್ದರೆ ನಾನೂ ತಿರುಗಿಸಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ಏರು ಹತ್ತಿ, ಎಡಗಡೆಯ ಬಾಗಿಲು ತೆಗೆದು ಕೂತು, ಬೆಲ್ಟು ಹಾಕಿಕೊಂಡರು. ಈ ಸಲ ಮರೆತು ಕೂತದ್ದಲ್ಲ. ನಾನು ಬಲಕ್ಕೆ ಹೋಗಿ ಕೂತೆ. "ಕನ್ನಡಿ ಸರಿ ಮಾಡ್ಕೊಳ್ಳಿ" ಎಂದರು.

ಅಲ್ಲಿಂದ ಮುಂದೆ ಹದಿನಾಲ್ಕು ತಿಂಗಳು ಆ ಕಾರು ಓಡಿಸಿದವಳು ನಾನು. ಕಾರು ನಿಲ್ಲಬಾರದು, ದಿನಾ ಓಡಬೇಕು ಎಂಬುದೊಂದೇ ಅವರು ಕೇಳಿದ್ದು. ಹಾಲು, ಕರಿಬೇವು, ದೇವಸ್ಥಾನ ಎಲ್ಲಕ್ಕೂ ಈಗ ನಾನೇ ಡ್ರೈವರು, ಅವರು ಎಡಗಡೆ. ಸೆಕೆಂಡಿಗೆ ಬನ್ನಿ, ಅಂತರ ಬಿಡಿ, ಆ ನಾಯಿ ಅಡ್ಡ ಬರುತ್ತೆ ನೋಡಿ ಎಂದು ದಾರಿಯುದ್ದಕ್ಕೂ ಪಾಠ. ಬ್ರೇಕೇ ಇಲ್ಲದ ಕಡೆ ಅವರ ಕಾಲು ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು. ಹಂಪು ಬಂದರೆ ಹೇಳುವುದಕ್ಕೆ ಮೊದಲೇ, "ನಾನಿಳೀತೀನಿ" ಎಂದು ಇಳಿದು, ಕೋಲೂರಿಕೊಂಡು ನಡೆದು ಆಚೆ ಹೋಗಿ ನಿಲ್ಲುತ್ತಿದ್ದರು. ಬೇಡ, ಕಾರಿನ ಹೊಟ್ಟೆ ಉಜ್ಜಿದರೆ ಉಜ್ಜಲಿ ಎಂದರೆ ಕೇಳುತ್ತಿರಲಿಲ್ಲ. ಹಿಂದಿನವರ ಹಾರ್ನು ಈಗ ನನ್ನ ಪಾಲಿಗೆ.

ಅವತ್ತಿನ ಸುಳ್ಳಿಗೆ ಕ್ಷಮೆ ಕೇಳಬೇಕೆಂದು ನಾನು ಪ್ರತಿ ಶುಕ್ರವಾರ ಅಂದುಕೊಂಡೆ. ಬಾಯಿ ತೆರೆದಾಗಲೆಲ್ಲ, ರಸ್ತೆ ನೋಡಿ ಮೇಡಂ ಎನ್ನುತ್ತಿದ್ದರು. ಬೇಕೆಂತಲೇ ಅನ್ನುತ್ತಿದ್ದರೋ, ಅಭ್ಯಾಸವೋ, ಈಗ ಯಾರನ್ನು ಕೇಳಲಿ? ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಕುಡಿದು ಪೇಪರು ಹಿಡಿದವರು ಹಾಗೆಯೇ ಒರಗಿದರು.

ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕಾರಿನ ಕೀ ಕೊಟ್ಟರು. ಮುಂದೇನು ಎಂದು ತೀರ್ಮಾನವಾಗುವವರೆಗೆ ಓಡಿಸುತ್ತಿರಿ, ನಿಂತರೆ ಅವರ ಜೀವ ಒಪ್ಪುವುದಿಲ್ಲ ಎಂದರು. ನನ್ನ ಕೈ ಹಿಡಿದುಕೊಂಡೇ ಇದ್ದರು.

"ಅವರ ಹಟ ಬಿಡಿಸಿದ್ದು ನೀವೊಬ್ರೇ. ಆವತ್ತು ಮನೆಗೆ ಬಂದು ಏನಂದ್ರು ಗೊತ್ತಾ? ‘ಮೇಡಂ ಮುಲಾಜಿಲ್ದೆ ಫೇಲ್ ಮಾಡಿದ್ರು ಕಣೇ. ನಾನು ಕಲಿಸಿದ್ದು ವೇಸ್ಟ್ ಆಗ್ಲಿಲ್ಲ’ ಅಂದ್ರು. ಬಂದೋರು ಹೋದೋರಿಗೆಲ್ಲ ಅದನ್ನೇ ಹೇಳ್ಕೊಂಡ್ರು."

ಪಂಕ್ತಿಯಲ್ಲಿ ಎದುರಿಗೆ ಕೂತಿದ್ದವರು ಕೇಳಿದ್ದು ಯಾವ ಮೇಡಂ ಬಗ್ಗೆ ಎಂದು ಆಗ ತಿಳಿಯಿತು. ಮೂವತ್ತೆಂಟು ವರ್ಷದಲ್ಲಿ ಒಬ್ಬರಿಗೂ ಸುಳ್ಳು ಪಾಸು ಕೊಡದವರು, ಭಾಮೈದನಿಗೂ ಕೊಡದವರು, ನನಗೆ ಕೊಟ್ಟು, ಊರಿಗೆಲ್ಲ ಸಾರಿ ಹೋಗಿಬಿಟ್ಟಿದ್ದರು. ಈ ಪಾಸು ನನಗೆ ಬೇಡ, ತಗೊಳ್ಳಿ ಎಂದು ವಾಪಸು ಕೊಟ್ಟು ಜಗಳವಾಡೋಣವೆಂದರೆ ಅವರಿಲ್ಲ. ಅವರ ಹೆಂಡತಿಗೆ ನಿಜ ಹೇಳಲು ನನಗೆ ಅವತ್ತೂ ಬಾಯಿ ಬರಲಿಲ್ಲ.

ಮರುದಿನ ಶುಕ್ರವಾರ. ನಿಂಬೆಹಣ್ಣಿನ ಚೀಲವನ್ನು ಎಡಗಡೆ ಸೀಟಿನ ಮೇಲಿಟ್ಟು ಹೊರಟೆ. ಮೊದಲನೆಯ ದೊಡ್ಡ ಹಂಪಿನ ಮುಂದೆ ಕಾರು ನಿಲ್ಲಿಸಿದೆ. ನಿಲ್ಲಿಸಿ, ಹಿಂದಿನ ಆಟೋದವನು ಹಾರ್ನು ಹೊಡೆಯುವವರೆಗೂ, ಎಡಗಡೆಯ ಬಾಗಿಲು ತೆರೆಯಲಿ ಎಂದು ಕಾದೆ.